ಕರುಣಾಳ ಕೇಕು ಮತ್ತು ನನ್ನ ಮೂಗು

ನಾನು ಬಹಳ ಎಚ್ಚರಿಕೆಯ ಮನುಷ್ಯ. ಈ ಮಾತನ್ನು ನನ್ನ ಬಗ್ಗೆ ಬೇರೆ ಯಾರೂ ಹೇಳಿದ್ದು ನೆನಪಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಹಿಡಿದು ಜಗ್ಗಿ, ಗೇಟಿನವರೆಗೆ ಹೋಗಿ, ವಾಪಸ್ಸು ಬಂದು ಇನ್ನೊಮ್ಮೆ ಜಗ್ಗಿ ಹೊರಡುವವನು ನಾನು. ಬೀಗದ ಕೈ ಒಳಗೇ ಉಳಿದಿದೆ ಎಂದು ಸಾಮಾನ್ಯವಾಗಿ ಆ ಹೊತ್ತಿಗೆ ತಿಳಿಯುತ್ತದೆ. ಚರ್ಚಿಗೆ ಹೋದಾಗ ಚಪ್ಪಲಿ ಕಳುವಾಗಬಾರದೆಂದು ಎಡಗಾಲಿನದನ್ನು ಒಂದು ಬಾಗಿಲ ಬಳಿ, ಬಲಗಾಲಿನದನ್ನು ಇನ್ನೊಂದು ಬಾಗಿಲ ಬಳಿ ಬಿಡುತ್ತೇನೆ. ಕಳ್ಳನಿಗೆ ಜೋಡಿ ಸಿಗಬಾರದು ಎಂಬುದು ಉಪಾಯ. ಕಳ್ಳನಿಗೆ ಇದುವರೆಗೆ ಸಿಕ್ಕಿಲ್ಲ. ಎಷ್ಟೋ ಭಾನುವಾರ ನನಗೂ ಸಿಕ್ಕಿಲ್ಲ.

ಹೀಗಿರುವಾಗ ಕಳೆದ ಡಿಸೆಂಬರಿನಲ್ಲಿ ರಿಚರ್ಡ್ಸ್ ಟೌನಿನ ಕಡೆ ಇರುವ ನಮ್ಮ ಕನ್ನಡ ಸಭೆಯಲ್ಲಿ ಅಯ್ಯನವರು, ಎಂದರೆ ನಮ್ಮ ಸಭಾಪಾಲಕರು, ಕ್ರೈಸ್ತನಾದವನು ದಿನನಿತ್ಯದ ಬಾಳಿನಲ್ಲಿ ಎಷ್ಟು ವಿವೇಕದಿಂದ, ಎಷ್ಟು ಜೋಪಾನವಾಗಿ ನಡೆದುಕೊಳ್ಳಬೇಕು ಎಂದು ಪ್ರಸಂಗ ಮಾಡಿದರು. ಒಳ್ಳೆಯ ಪ್ರಸಂಗ. ಒಂದೊಂದು ಮಾತಿಗೂ ತಲೆಯಾಡಿಸಿದೆ. ನಡುನಡುವೆ, ಎಲ್ಲ ಗಂಡಂದಿರೂ ಮಾಡುವಂತೆ, ಪಕ್ಕದಲ್ಲಿ ಕೂತ ಹೆಂಡತಿಯ ಕಡೆ ತಿರುಗಿ 'ಕೇಳಿಸಿಕೊಂಡೆಯಾ?' ಎಂಬ ನೋಟ ಬೀರಿದೆ. ಕರುಣಾ ನನ್ನ ಕಡೆ ನೋಡಲೇ ಇಲ್ಲ. ಅವಳು ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಏನೋ ಯೋಚಿಸುತ್ತಿದ್ದಳು. ಹೊರಗೆ ಬಂದ ಮೇಲೆ ಏನು ಯೋಚನೆ ಎಂದು ಕೇಳಿದರೆ, "ಬಸಮ್ಮಜ್ಜಿ ಕೇಕಿಗೆ ಗೋಡಂಬಿ ಹಾಕ್ಲೋ ಬೇಡ್ವೋ ಅಂತ" ಎಂದಳು. ಪ್ರಸಂಗದ ಹೊತ್ತಿನಲ್ಲಿ ಗೋಡಂಬಿ! ಇವಳಿಗೆ ಆತ್ಮೀಕ ವಿಷಯಗಳಲ್ಲಿ ಆಸಕ್ತಿ ಕಡಿಮೆ ಎಂದು ಮನಸ್ಸಿನಲ್ಲೇ ಮರುಗಿ, ನನ್ನ ಬಲಗಾಲಿನ ಚಪ್ಪಲಿ ಹುಡುಕಲು ಹೋದೆ.

ಬಸಮ್ಮಜ್ಜಿ ಯಾರೆಂದು ಹೇಳಬೇಕು. ಕಮ್ಮನಹಳ್ಳಿಯಲ್ಲಿ ನಾವಿರುವ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಕಲಬುರಗಿ ಕಡೆಯ ಒಂದು ಕುಟುಂಬ ಬಾಡಿಗೆಗಿದೆ. ಮಗ, ಸೊಸೆ ಇಬ್ಬರೂ ಕೆ.ಆರ್. ಪುರಂ ಕಡೆ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಇರುವವರು ಮಗನ ತಾಯಿ ಬಸಮ್ಮಜ್ಜಿ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಹಲ್ಲು ಎಲ್ಲೋ ಒಂದೊಂದು. ಪೂಜೆಯಾಗದೆ ನೀರು ಸಹ ಕುಡಿಯುವವರಲ್ಲ, ಹೊರಗಿನ ಅಡುಗೆ ಮುಟ್ಟುವವರಲ್ಲ. ಅವರು ಬಂದ ಮೊದಲ ವರ್ಷ ಕ್ರಿಸ್‌ಮಸ್‌ಗೆ ಕರುಣಾ ತಟ್ಟೆ ತುಂಬ ಕೇಕು, ಚಕ್ಕುಲಿ, ಕರಿದ ಸಿಹಿ ಕಲ್‌ಕಲ್ ಇಟ್ಟು, ಕ್ರೋಷಾ ಬಟ್ಟೆ ಮುಚ್ಚಿ ಕೊಟ್ಟು ಬಂದಳು. ಅಜ್ಜಿ ನಗುನಗುತ್ತ ಇಸಕೊಂಡರು. ಆಮೇಲೆ ಅದಷ್ಟೂ ಬೀದಿಯ ಕೊನೆಯಲ್ಲಿರುವ ಹಸುವಿನ ಪಾಲಾದದ್ದನ್ನು ನಾನು ಬಾಲ್ಕನಿಯಿಂದ ಕಣ್ಣಾರೆ ಕಂಡೆ. ನನಗೆ ಮೈಯೆಲ್ಲ ಉರಿಯಿತು. ಕರುಣಾ ಮಾತ್ರ, "ಹಸು ತಿಂತಲ್ಲ ಬಿಡಿ, ಚೆಲ್ಲಲಿಲ್ವಲ್ಲ" ಎಂದಳು. ಮರುವರ್ಷ ತಟ್ಟೆಯಲ್ಲಿ ಬರೀ ಕಿತ್ತಳೆ, ಬಾಳೆಹಣ್ಣು, ಒಂದು ತೆಂಗಿನಕಾಯಿ ಇಟ್ಟುಕೊಟ್ಟಳು. ಅದನ್ನು ಅಜ್ಜಿ ತಿಂದರು.

ಅವಳ ಎಚ್ಚರಿಕೆ ಎಂದರೆ ಇಂಥದ್ದು. ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ಮೀನು ಹುರಿಯುವುದಿಲ್ಲ. "ಹೀಗಂತ ಸತ್ಯವೇದದಲ್ಲಿ ಎಲ್ಲಿದೆ?" ಎಂದು ಒಮ್ಮೆ ರೇಗಿದೆ. "ಸತ್ಯವೇದದಲ್ಲಿ ಎಲ್ಲಿದ್ಯೋ ಗೊತ್ತಿಲ್ಲ, ಕೆಳಗಿನ ಮನೆ ಪೂಜೆ ಕಿಟಕಿ ಮಾತ್ರ ನಮ್ಮ ಒಲೆ ಕೆಳಗೇ ಇದೆ" ಎಂದಳು. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವುದರಲ್ಲಿ ನನ್ನ ಸರಿಸಮ ಯಾರೂ ಇಲ್ಲ. ನಾನು ಎದ್ದರೆ ಗಾನವೃಂದದವರು ಹಾಡಿನ ಪುಸ್ತಕ ಮುಚ್ಚಿ ಆರಾಮಾಗಿ ಒರಗಿಕೊಳ್ಳುತ್ತಾರೆ. ಕರುಣಾ ಒಂದು ದಿನವೂ ಎದ್ದು ನಿಂತವಳಲ್ಲ. ಆದರೆ ಹೋದ ಮಳೆಗಾಲದಲ್ಲಿ ಬಸಮ್ಮಜ್ಜಿ ಜ್ವರ ಬಂದು ಮಲಗಿದಾಗ, ಮಗ ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಇವಳು ಸ್ನಾನ ಮಾಡಿ ಕೆಳಗಿಳಿದು, ಅಜ್ಜಿಯದೇ ಒಲೆ, ಅಜ್ಜಿಯದೇ ಪಾತ್ರೆ, ಅಜ್ಜಿಯದೇ ಅಕ್ಕಿಯಲ್ಲಿ ಗಂಜಿ ಮಾಡಿ ಕುಡಿಸಿ ಬರುತ್ತಿದ್ದಳು. ಮೇಲಿನಿಂದ ಒಯ್ದರೆ ಅಜ್ಜಿ ಕುಡಿಯುವುದಿಲ್ಲ, ಕುಡಿಯದಿದ್ದರೆ ಮಾತ್ರೆ ನುಂಗುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನನ್ನ ತಲೆಗೆ ಇದು ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ನಾನಾಗಿದ್ದರೆ ಅಜ್ಜಿಯ ಮಂಚದ ಪಕ್ಕ ನಿಂತು ದೊಡ್ಡದೊಂದು ಪ್ರಾರ್ಥನೆ ಮಾಡಿ ಜ್ವರ ಏರಿಸಿ ಬರುತ್ತಿದ್ದೆ.

ಜ್ವರ ಬಿಟ್ಟು ತಿಂಗಳುಗಳ ಮೇಲೆ, ಮೆಟ್ಟಿಲ ಬಳಿ ಕೂತಿದ್ದ ಅಜ್ಜಿ ತಾವಾಗಿಯೇ ಕರುಣಾಳನ್ನು ಕರೆದರು. "ಯವ್ವಾ, ಈ ಸಲ ನಿಮ್ಮ ಹಬ್ಬದ ಕೇಕು ನಾನೂ ತಿಂತೀನಿ. ತತ್ತಿ ಇರಬಾರದು ಮತ್ತ. ಸೆರೆ ಗಿರೆ ಹಾಕ್ತಾರಂತಲ್ಲ, ಅದೂ ಇರಬಾರದು."

"ಮೊಟ್ಟೆನೂ ಇರಲ್ಲ, ಹೆಂಡನೂ ಇರಲ್ಲ ಅಜ್ಜಿ. ಆದ್ರೆ ಬೇಯಿಸೋದು ಬೇಕರಿ ಒಲೇಲಿ, ಅದನ್ನೂ ಹೇಳ್ಬಿಡ್ತೀನಿ" ಎಂದಳು ಇವಳು.

"ಬೆಂಕಿಗಿ ಯಾತರ ಮೈಲಿಗಿ ತಗೀ. ನೀ ಇಲ್ಲ ಅಂದಿ, ಮುಗೀತು."

ಒಳಗೆ ಬಂದ ಕರುಣಾಳ ಮುಖ ನೋಡಬೇಕಿತ್ತು. ಮದುವೆಯ ದಿನ ಸಹ ಅಷ್ಟು ಸಂತೋಷ ಆ ಮುಖದಲ್ಲಿ ನಾನು ಕಂಡಿರಲಿಲ್ಲ. ಅದಕ್ಕೆ ಬೇರೆ ಕಾರಣಗಳಿರಬಹುದು.

ಈಗ ನಮ್ಮ ಕೇಕಿನ ವಿಷಯ. ನನ್ನ ಪ್ರಕಾರ ರಮ್ಮಿಲ್ಲದ ಕ್ರಿಸ್‌ಮಸ್ ಕೇಕು ಕೇಕೇ ಅಲ್ಲ, ಅದು ಬಣ್ಣ ಬಂದ ಬನ್ನು. ನಾನು ಕುಡಿಯುವವನಲ್ಲ, ಸಭೆಯ ಕಮಿಟಿಯಲ್ಲಿ ಇರುವವನು. ಆದರೆ ಕೇಕಿಗೆ ಎಂದರೆ ಅದು ಬೇರೆ ಮಾತು. ಮದುವೆಯಾದ ವರ್ಷದಿಂದ ಪ್ರತಿ ನವೆಂಬರಿನಲ್ಲೂ, ನಮ್ಮ ಸಭೆಯವರು ಯಾರೂ ಓಡಾಡದ ಬಾಣಸವಾಡಿ ಸ್ಟೇಷನ್ ಕಡೆಯ ಅಂಗಡಿಗೆ ಹೋಗಿ, ಒಂದು ಕ್ವಾರ್ಟರ್ ರಮ್ಮು ಕೊಂಡು, ಸೊಪ್ಪಿನ ಚೀಲದಲ್ಲಿ ದಂಟಿನ ಸೊಪ್ಪಿನ ಕೆಳಗೆ ಅಡಗಿಸಿ ತರುತ್ತೇನೆ. ಒಂದು ಸಲ ಅಲ್ಲಿ ನಮ್ಮ ಸಭಾಹಿರಿಯರೊಬ್ಬರು ಅಂಥದ್ದೇ ಸೊಪ್ಪಿನ ಚೀಲ ಹಿಡಿದು ನಿಂತಿದ್ದರು. ಇಬ್ಬರೂ ಸ್ವಲ್ಪ ಹೊತ್ತು ಆಕಾಶ ನೋಡಿದೆವು. "ಕೇಕಿಗೆ" ಎಂದರು ಅವರು. "ನಮ್ದೂ ಕೇಕಿಗೇ" ಎಂದೆ ನಾನು. ಅದು ಏಪ್ರಿಲ್ ಅಥವಾ ಮೇ ತಿಂಗಳಾಗಿದ್ದರೆ ಕಷ್ಟವಾಗುತ್ತಿತ್ತು. ಮನೆಗೆ ಬಂದು ಬಾಟಲಿ ಕೊಟ್ಟರೆ ಕರುಣಾ ಏನೂ ಅನ್ನುವವಳಲ್ಲ. "ಇಲ್ಲಿ ಕೊಡಿ, ನಾನು ನೋಡ್ಕೋತೀನಿ" ಎಂದು ಒಳಗೆ ಒಯ್ಯುತ್ತಾಳೆ. ಒಣಹಣ್ಣು ನೆನೆಹಾಕಿದ ಜಾಡಿಯನ್ನು ನಾನು ದಿನವೂ ತೆರೆದು ಮೂಸಿ, "ಆಹಾ, ಹಿಡೀತಾ ಇದೆ" ಎನ್ನುತ್ತೇನೆ.

ಕ್ರಿಸ್‌ಮಸ್ ಹಿಂದಿನ ದಿನ ಸಂಜೆ ಚಹಾದ ಜೊತೆ ಕೇಕು ಕತ್ತರಿಸುವುದು ನಮ್ಮ ಮನೆಯ ಪದ್ಧತಿ. ಎರಡು ತುಂಡು ಒಳಗೆ ಹೋದ ಮೇಲೆ ನನಗೆ ಕಿವಿ ಬೆಚ್ಚಗಾಗುತ್ತದೆ, ತಲೆ ಹಗುರಾಗುತ್ತದೆ. ಕ್ಯಾರಲ್ ಆರಾಧನೆಗೆ ಹೊರಡುವಾಗ ನಾನು ಸ್ಕೂಟರಿನ ಕೀಲಿಯನ್ನು ಮೊಳೆಗೆ ತಗುಲಿಸಿ, "ಬೇಡ ಕರುಣಾ. ಒಳಗೆ ಸ್ವಲ್ಪ ಸೇರಿದೆ. ಕ್ರೈಸ್ತನಾದವನು ಇಂಥದ್ದರಲ್ಲೇ ಎಚ್ಚರವಾಗಿರಬೇಕು. ಆಟೋದಲ್ಲಿ ಹೋಗೋಣ" ಎನ್ನುತ್ತೇನೆ. ಬೇರೆ ದಿನಗಳಲ್ಲಿ ನನ್ನ ಸ್ಕೂಟರಿನ ಹಿಂದೆ ಕೂತ ಕರುಣಾ ಮನೆಯಿಂದ ಚರ್ಚಿನವರೆಗೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ. ಇದೊಂದು ವಿಷಯದಲ್ಲಿ ನನ್ನ ಬಗ್ಗೆ ನನಗೆ ಬಹಳ ಗೌರವವಿತ್ತು.

ಕೇಕಿನ ಹಿಟ್ಟು ಮನೆಯಲ್ಲಿ ಕಲಸಿ, ಬೇಯಿಸಲು ಬೇಕರಿಗೆ ಒಯ್ಯುವುದು ನಮ್ಮ ಕಡೆಯ ಹಳೆಯ ರೂಢಿ. ಡಿಸೆಂಬರಿನಲ್ಲಿ ಬೇಕರಿಯ ಮುಂದೆ ನಮ್ಮವರೆಲ್ಲ ಟಿನ್ನು ಹಿಡಿದು ಸಾಲಾಗಿ ನಿಂತಿರುತ್ತಾರೆ. ಈ ಸಲ ಎರಡು ಟಿನ್ನು. ಒಂದಕ್ಕೆ 'ಅಜ್ಜಿಗೆ', ಇನ್ನೊಂದಕ್ಕೆ 'ನಮಗೆ' ಎಂದು ಕರುಣಾ ಚೀಟಿ ಬರೆದು ಕೊಟ್ಟಳು. "ಅದಲು ಬದಲು ಮಾಡ್ಬೇಡಿ, ನಿಮ್ ದಮ್ಮಯ್ಯ" ಎಂದಳು. ನನಗೆ ಅವಮಾನವಾಯಿತು. ಬೇಕರಿಯವನು ಬೆಂದ ಕೇಕುಗಳ ಮೇಲೆ ಆಯಾ ಚೀಟಿ ಇಟ್ಟು ಸರಿಯಾಗಿಯೇ ಕೊಟ್ಟ. ಆಟೋ ಕಮ್ಮನಹಳ್ಳಿ ಮೇನ್ ರೋಡಿಗೆ ತಿರುಗಿದ ಕೂಡಲೇ ಗಾಳಿ ನುಗ್ಗಿ ಎರಡೂ ಚೀಟಿ ಹಾರಿ ನನ್ನ ಕಾಲ ಬಳಿ ಬಿದ್ದವು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ನಾನು ಶಾಂತವಾಗಿ ಎರಡು ಕೇಕನ್ನೂ ಮೂಸಿದೆ. ಒಂದರಲ್ಲಿ ಘಮ್ಮೆಂದು ರಮ್ಮಿನ ವಾಸನೆ. 'ನಮಗೆ' ಚೀಟಿಯನ್ನು ಅದರ ಮೇಲಿಟ್ಟೆ. ಮನೆಗೆ ಬಂದು ಈ ವಿಷಯ ಹೇಳಲಿಲ್ಲ. ಹೇಳುವಂಥದ್ದೇನಿತ್ತು?

ಮರುದಿನ ಬೆಳಿಗ್ಗೆ ನಾನೇ ಅಜ್ಜಿಯ ಕೇಕನ್ನು ಕೊಟ್ಟುಬಂದೆ. ಸಂಜೆ ನಮ್ಮದನ್ನು ಕತ್ತರಿಸಿದೆವು. ಕರುಣಾ ಮೊಳಕಾಲ ಮೇಲೆ ತಟ್ಟೆಯಿಟ್ಟುಕೊಂಡು ನಿಧಾನವಾಗಿ ತಿನ್ನುತ್ತಿದ್ದಳು. ನಾನು ಮೊದಲ ತುಂಡು ಬಾಯಿಗಿಡುವಾಗ ಆಟೋದಲ್ಲಿ ಹಾರಿದ ಚೀಟಿಗಳು ನೆನಪಾಗಿ ಸಣ್ಣದೊಂದು ಅನುಮಾನ ಸುಳಿಯಿತು. ಕಿವಿ ಬೆಚ್ಚಗಾಗಲಿಲ್ಲ. ಎರಡನೆಯದನ್ನೂ ತಿಂದೆ. ತಲೆ ಎಂದಿನಷ್ಟೇ ಭಾರವಾಗಿತ್ತು. ಇದರಲ್ಲಿ ರಮ್ಮಿನ ಸುಳಿವೇ ಇಲ್ಲ! ಹಾಗಾದರೆ ಅದು ಎಲ್ಲಿ ಹೋಯಿತು?

ವರ್ಷಗಟ್ಟಲೆ ಹೊರಗಿನದನ್ನು ಮುಟ್ಟದ ಮುದುಕಿ ಕರುಣಾಳ ಒಂದು ಮಾತು ನಂಬಿ ಬಾಯಿ ತೆರೆದರೆ, ನಾನು ಮೊಟ್ಟೆ, ರಮ್ಮು ಎರಡನ್ನೂ ಒಟ್ಟಿಗೆ ತಟ್ಟೆಯಲ್ಲಿಟ್ಟು ಕೊಟ್ಟುಬಂದಿದ್ದೆ. ತಪ್ಪು ನನ್ನದು, ಮಾತು ಹೋಗುವುದು ಅವಳದು. ಗಾಳಿ ಬೇಕು ಎಂದು ಏನೋ ಗೊಣಗಿ ಕೆಳಗೆ ಓಡಿದೆ. ಅಜ್ಜಿ ಬಾಗಿಲಲ್ಲೇ ಕೂತು ಬಾಯಲ್ಲಿ ಏನನ್ನೋ ಆಡಿಸುತ್ತಿದ್ದರು.

"ಯಾಕ ತಮ್ಮಾ, ಹಿಂಗ್ಯಾಕ ಬೆವತೀದಿ?"

"ಅಜ್ಜಿ, ಆ ಕೇಕು... ಅದು ಸ್ವಲ್ಪ ಸರಿ ಬೆಂದಿಲ್ಲ. ವಾಪಸ್ ಕೊಡಿ, ಬೇರೆ ತಂದ್ಕೊಡ್ತೀನಿ."

"ಕೊಟ್ಟದ್ದು ವಾಪಸ್ ಕೇಳ್ತಾರೇನು? ನಾ ತಿಂದೀನಿ. ಭಾಳ ಛಲೋ ಆಗ್ಯಾದ. ಗೋಡಂಬಿ ಒಂದು ಹಲ್ಲಿಗಿ ಸಿಗವಲ್ದು, ಆಗಿಂದ ಚೀಪ್ಕೋತ ಕುಂತೀನಿ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಬ್ಯಾಡ ಅಂದಳು ನನ್ನ ಸೊಸಿ. ಅವರು ತಿನ್ನೋದು ಬ್ಯಾರೆ, ನಂಬಬ್ಯಾಡ ಅಂದಳು. ನಾ ಅಂದೆ, ಕರುಣವ್ವ ಇಲ್ಲ ಅಂದಳಂದ್ರ ಇಲ್ಲ."

ಮೆಟ್ಟಿಲು ಹತ್ತುವಾಗ ಮುಚ್ಚಿಡೋಣವೆನಿಸಿದ್ದು ನಿಜ. ಆದರೆ ಆ ಮುದುಕಿಯ ಕೊನೆಯ ಮಾತು ಬೆನ್ನಿಗೆ ಅಂಟಿಕೊಂಡು ಬಂದಿತ್ತು. ಕರುಣಾಳ ಮುಂದೆ ನಿಂತು ಚೀಟಿ ಹಾರಿದ್ದು, ಮೂಸಿದ್ದು, ಮತ್ತೆ ಇಟ್ಟದ್ದು, ಅಜ್ಜಿ ಗೋಡಂಬಿ ಚೀಪುತ್ತಿದ್ದದ್ದು ಎಲ್ಲವನ್ನೂ ಒದರಿಬಿಟ್ಟೆ. "ನಿನ್ನ ಮಾತು ಕಳೆದುಬಿಟ್ಟೆ ಕರುಣಾ" ಎಂದೆ.

ಅವಳು ತಟ್ಟೆಯನ್ನು ಪಕ್ಕಕ್ಕಿಟ್ಟು ನಗಲು ಶುರುಮಾಡಿದಳು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಅಯ್ಯೋ, ಅಜ್ಜಿಗೆ ಇಡೀ ಗೋಡಂಬಿದು ಹೋಯ್ತಾ? ಅವ್ರಿಗೇ ಅಂತ ಪುಡಿ ಮಾಡಿ ಹಾಕಿದ್ದೆ ಕಣ್ರೀ! ಇದೇನಪ್ಪ ನಮ್ದು ಇಷ್ಟು ಮೆತ್ತಗಿದೆ ಅಂದ್ಕೋತಿದ್ದೆ" ಎಂದಳು.

"ಮೊಟ್ಟೆ? ರಮ್ಮು?"

"ಎಲ್ಲಿತ್ತು? ಮದುವೆ ಆದಾಗಿಂದ ಯಾವ ಕೇಕಿಗೂ ಹಾಕಿಲ್ಲ. ಮೊಸರು ಹಾಕ್ತೀನಿ. ಹಣ್ಣು ನೆನೆಯೋದು ಕಿತ್ತಳೆ ರಸದಲ್ಲಿ. ಬಾಗಿಲಿಗೆ ಯಾರೇ ಬಂದ್ರೂ ಇದು ಇವರಿಗೆ ಆಗುತ್ತಾ, ಅವರಿಗೆ ಆಗುತ್ತಾ ಅಂತ ನೋಡ್ದೆ ಒಂದು ತುಂಡು ಕೊಡೋ ಹಾಗಿರ್ಬೇಕು. ಅದೂ ಕೊಟ್ಟು ಬರೋರು ನೀವು ಅಂದ್ಮೇಲೆ!"

ನಾನು ಬೀಗ ಜಗ್ಗುತ್ತಿದ್ದ ಅಷ್ಟು ವರ್ಷವೂ ಇವಳು ಯಾರಿಗೂ ಬೀಗ ಬೇಡದ ಹಾಗೆ ಮನೆ ನಡೆಸಿದ್ದಳು. ಗಾಬರಿ ಇಳಿದ ಕೂಡಲೇ ಸಿಟ್ಟು ಬಂತು, ಅದು ನನ್ನ ಸ್ವಭಾವ. "ಹಾಗಾದ್ರೆ ನನಗೆ ಇಷ್ಟು ವರ್ಷ ಸುಳ್ಳು ಹೇಳಿದೆಯಾ?"

"ಯಾವತ್ತು ಹೇಳ್ದೆ? 'ಇದು ನಮಗೆ' ಅಂದೆ, ನಮಗೇ ಅಲ್ವಾ? ಬಾಟಲಿ ಕೊಟ್ಟಾಗ 'ನೋಡ್ಕೋತೀನಿ' ಅಂದೆ, ನೋಡ್ಕೊಂಡೆ. ಸಿಂಕಿಗೆ ಸುರಿದೆ. ನವೆಂಬರಲ್ಲಿ ನಮ್ಮ ಸಿಂಕು ಕಟ್ಟಿದ್ದು ನೋಡಿದ್ದೀರಾ ಯಾವತ್ತಾದ್ರೂ?"

ನೋಡಿರಲಿಲ್ಲ. ಅವಳು ಎದ್ದು ಮೆತ್ತಗಿನ ಕೇಕಿನಲ್ಲಿ ಅರ್ಧವನ್ನು ಅಜ್ಜಿಗೆಂದು ತಟ್ಟೆಗಿಟ್ಟಳು. ನಾನು ಕೈ ಚಾಚಿದೆ. "ಬೇಡ, ನಾನೇ ಕೊಟ್ಟು ಬರ್ತೀನಿ" ಎಂದು ಇಳಿದು ಹೋದಳು. ಕೆಳಗಿನಿಂದ ಇಬ್ಬರು ಹೆಂಗಸರ ನಗು ಕೇಳಿಸಿತು, ಬಹಳ ಹೊತ್ತು ಕೇಳಿಸಿತು. ನನಗೂ ಆ ನಗುವಿಗೂ ಏನೂ ಸಂಬಂಧವಿಲ್ಲ ಎಂದುಕೊಂಡು ಷರ್ಟಿಗೆ ಇಸ್ತ್ರಿ ಹಾಕಿದೆ.

ಆರಾಧನೆಗೆ ಹೊತ್ತಾಗಿತ್ತು. ನನ್ನ ಮರ್ಯಾದೆಯಲ್ಲಿ ಉಳಿದಷ್ಟನ್ನು ಎತ್ತಿಕೊಳ್ಳೋಣವೆಂದು ಮೊಳೆಯಿಂದ ಸ್ಕೂಟರಿನ ಕೀಲಿ ತೆಗೆದೆ. "ಹೇಗೂ ರಮ್ಮು ಇಲ್ವಲ್ಲ. ಈ ವರ್ಷ ಸ್ಕೂಟರಲ್ಲೇ ಹೋಗೋಣ, ನಡಿ."

ಕರುಣಾ ಸೆರಗು ಸರಿಮಾಡಿಕೊಳ್ಳುತ್ತಿದ್ದವಳು ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಮತ್ತೆ ಮೊಳೆಗೆ ಹಾಕಿದಳು.

"ಆಟೋನೇ ಇರ್ಲಿ ರೀ. ನಿಮಗೆ ತಲೆ ತಿರುಗ್ತಿದೆ ಅಂತ ನೀವೇ ಒಪ್ಕೊಳ್ಳೋದು ವರ್ಷಕ್ಕೆ ಇದೊಂದೇ ದಿನ. ಅದಕ್ಕೇ ಅಲ್ವಾ ರಮ್ಮಿನ ವಿಷಯ ನಾನು ಬಾಯಿ ಬಿಡದೆ ಇದ್ದದ್ದು?"