ಚಕ್ರದ ಮನೆಯಲ್ಲೊಂದು ತನಿಖೆ

ನನಗೆ ಸಂಶಯದ ಕಾಯಿಲೆ ಇದೆ ಎಂದು ನನ್ನ ಹೆಂಡತಿ ಐರಿನ್ ಸಿಕ್ಕವರ ಹತ್ತಿರವೆಲ್ಲ ಹೇಳುತ್ತಾಳೆ. ಅದು ಕಾಯಿಲೆಯಲ್ಲ, ಉದ್ಯೋಗ. ದುಬೈಯ ಒಂದು ವಿಮಾ ಕಂಪನಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನು ಮಾಡುತ್ತಿರುವುದು ಇಷ್ಟೇ: ಕಾರು ಜಖಂ ಆಯಿತೆಂದು ಬಂದವರ ಕಥೆಯನ್ನು ಪೂರ್ತಿ ಕೇಳುವುದು, ಆಮೇಲೆ ನಂಬದೆ ಇರುವುದು. “ನಿಲ್ಲಿಸಿದ್ದ ಕಾರಿಗೆ ಒಂಟೆ ಬಂದು ಗುದ್ದಿತು ಸರ್” ಎಂದು ಒಬ್ಬ ಅಳುಮುಖ ಮಾಡಿಕೊಂಡು ಹೇಳಿದರೆ ಬೇರೆಯವರು ಅಯ್ಯೋ ಪಾಪ ಎನ್ನುತ್ತಾರೆ. ನಾನು ಒಂಟೆ ಯಾವ ದಿಕ್ಕಿನಿಂದ ಬಂತು ಎಂದು ಕೇಳುತ್ತೇನೆ. ಈ ಅಭ್ಯಾಸ ಸಂಜೆ ಆರಕ್ಕೆ ಆಫೀಸಿನಲ್ಲೇ ಉಳಿಯುವುದಿಲ್ಲ, ನನ್ನ ಜೊತೆ ಮೆಟ್ರೋ ಹತ್ತಿ ಅಲ್ ಕುಸೈಸ್‌ನ ಮನೆಗೂ ಬರುತ್ತದೆ. ತಂಗಿಯ ಮಗಳ ನಿಶ್ಚಿತಾರ್ಥದಲ್ಲಿ ಹುಡುಗ, “ನಾವು ಚರ್ಚಿನ ಗಾಯನ ತಂಡದಲ್ಲಿ ಪರಿಚಯವಾದದ್ದು ಅಂಕಲ್” ಎಂದಾಗ, “ಯಾವ ಹಾಡು?” ಎಂದು ಕೇಳಿಬಿಟ್ಟೆ. ಅವನಿಗೆ ನೆನಪಿರಲಿಲ್ಲ. ಮದುವೆಯೇನೋ ನಡೆಯಿತು. ಆದರೆ ತಂಗಿ ನನ್ನೊಡನೆ ಆರು ತಿಂಗಳು ಮಾತಾಡಲಿಲ್ಲ.

ಐರಿನ್ ನರ್ಸ್. ಅಬುಧಾಬಿಯ ಖಾಲಿದಿಯಾದ ಒಂದು ಆಸ್ಪತ್ರೆಯಲ್ಲಿದ್ದಳು. ವಾರವಿಡೀ ಅಲ್ಲಿನ ಸ್ಟಾಫ್ ಕ್ವಾರ್ಟರ್ಸಿನಲ್ಲಿದ್ದು ವಾರದ ಕೊನೆಗೆ ಬಸ್ಸು ಹಿಡಿದು ಮನೆಗೆ ಬರುತ್ತಿದ್ದಳು. ನಾನು ಮಗಳನ್ನು ಶಾಲೆಗೆ ಕಳಿಸಿ, ಅನ್ನ ಬೇಯಿಸಿ, ಅವಳಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದೆ. ಹಾಗೆ ಸಂಸಾರ ಮಾಡಿದವರು ನಾವು. ಮನೆಯಲ್ಲಿ ಕೊಂಕಣಿ ಮಾತಾಡುತ್ತೇವೆ, ಜಗಳ ಮಾತ್ರ ಕನ್ನಡದಲ್ಲಿ. ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರು. ಇಲ್ಲಿಯೇ ಬೆಳೆದ ಮಗಳಿಗೆ ಕನ್ನಡ ಬಾರದು, ಹಾಗಾಗಿ ಅದು ಜಗಳಕ್ಕೆ ಅನುಕೂಲವಾದ ಭಾಷೆ. ಮಗಳು ಓದಲು ಮಂಗಳೂರಿಗೆ ಹೋದಳು, ಕಳೆದ ವರ್ಷ ಐರಿನ್ ಕೆಲಸ ಬಿಟ್ಟಳು. ಮೊದಲ ಬಾರಿಗೆ ನಾವಿಬ್ಬರೇ, ವಾರದ ಏಳೂ ದಿನ, ಒಂದೇ ಮನೆಯಲ್ಲಿ. ಒಂದು ತಿಂಗಳಾದ ಮೇಲೆ ಅವಳು ತುಂಬ ಖುಷಿಯಾಗಿರುವುದನ್ನು ಗಮನಿಸಿದೆ. ನನಗೆ ಅಲ್ಲಿಂದಲೇ ಸಂಶಯ ಶುರುವಾಯಿತು.

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವಳೇ, “ನಾವೊಂದು ಕ್ಯಾರವಾನ್ ತಕ್ಕೊಂಡು ಕ್ಯಾಂಪಿಗೆ ಹೋಗುವ” ಎಂದಳು.

ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಮನೆ. ವ್ಯಾನಿನೊಳಗೇ ಹಾಸಿಗೆ, ಒಲೆ, ಸಿಂಕು, ಮೂಲೆಯಲ್ಲಿ ಒಂದು ಕಕ್ಕಸು. ಅವಳ ಆಸ್ಪತ್ರೆಯ ಡಾಕ್ಟರೊಬ್ಬರು ಆರು ತಿಂಗಳ ರಜೆಯಲ್ಲಿ ತಮ್ಮ ದೇಶಕ್ಕೆ ಹೋಗುವಾಗ, ನಿಂತೇ ಇದ್ದರೆ ಗಾಡಿ ಹಾಳಾಗುತ್ತದೆ, ನೀವು ಓಡಿಸಿಕೊಂಡಿರಿ ಎಂದಿದ್ದರಂತೆ. ಚಳಿಗಾಲದಲ್ಲಿ ಚರ್ಚಿನವರು ಹದಿಹರೆಯದ ಮಕ್ಕಳಿಗೆ ಊರಾಚೆಯ ತೋಟದ ಮನೆಗಳಲ್ಲಿ ಮೂರು ಮೂರು ದಿನದ ಶಿಬಿರ ನಡೆಸುತ್ತಾರೆ. ಪ್ರಾರ್ಥನೆ, ಹಾಡು, ಆಟ, ಪಾಠ ಎಲ್ಲ ಇರುತ್ತದೆ. ಅಲ್ಲಿ ಕೈಜೋಡಿಸಲು ದಂಪತಿಗಳು ಬೇಕಾಗಿದ್ದಾರೆ, ಮಲಗುವ ಜಾಗ ಮಾತ್ರ ಅವರೇ ನೋಡಿಕೊಳ್ಳಬೇಕು.

“ನಮ್ಮನ್ನೇ ಯಾಕೆ ಕರೆದದ್ದು?” ಎಂದೆ.

“ನಾನೇ ಹೆಸರು ಕೊಟ್ಟದ್ದು.”

“ಯಾಕೆ?”

“ಅಯ್ಯೋ ದೇವರೇ, ಒಳ್ಳೆ ಕೆಲಸ ಮಾಡ್ಲಿಕ್ಕೂ ನಿಮಗೆ ಕಾರಣ ಬೇಕಾ?”

ಬೇಕು. ನನ್ನ ಅನುಭವದಲ್ಲಿ ಕಾರಣವಿಲ್ಲದ ಘಟನೆ ಎಂಬುದಿಲ್ಲ. ಗಾಡಿ ಮನೆಯ ಕೆಳಗೆ ಬಂದು ನಿಂತ ದಿನ ಅದರ ಸುತ್ತ ಮೂರು ಸುತ್ತು ಹಾಕಿದೆ. ಎಡಗಡೆಯ ಬಾಗಿಲಿನ ಬಿಳಿ, ಉಳಿದ ಬಿಳಿಗಿಂತ ಒಂದು ಎಳೆ ಹೆಚ್ಚು ಬಿಳಿ. ಇದು ಒಮ್ಮೆ ಪಲ್ಟಿ ಹೊಡೆದ ಗಾಡಿ ಎಂದು ಘೋಷಿಸಿದೆ. ಐರಿನ್ ಡಾಕ್ಟರರಿಗೆ ಫೋನು ಮಾಡಿದಳು. ಬಾಗಿಲಿಗೆ ಅವರ ಮೊಮ್ಮಗಳು ಹಸಿರು ಪೆನ್ನಿನಲ್ಲಿ ಮೊಲದ ಚಿತ್ರ ಬರೆದಿದ್ದಳಂತೆ, ಅದನ್ನು ಅಳಿಸಲು ಬಣ್ಣ ಹೊಡೆಸಿದ್ದರಂತೆ. ನಾನು ಒಪ್ಪಲಿಲ್ಲ. ಹಾಗೆಂದು ಗಾಡಿಗೆ ಹತ್ತದೆ ಇರಲೂ ಆಗಲಿಲ್ಲ, ಯಾಕೆಂದರೆ ಅವಳು ಆಗಲೇ ಅದರೊಳಗೆ ಪರದೆ ಕಟ್ಟಿ ಉಪ್ಪಿನಕಾಯಿಯ ಭರಣಿ ಇಟ್ಟಾಗಿತ್ತು.

ಮೊದಲ ಶಿಬಿರ ರಾಸ್ ಅಲ್ ಖೈಮಾದ ಕಡೆ, ಬೋಳು ಗುಡ್ಡಗಳ ಬುಡದಲ್ಲಿ, ಖರ್ಜೂರದ ಮರಗಳಿದ್ದ ಒಂದು ತೋಟದಲ್ಲಿ. ಎಂಬತ್ತು ಮಕ್ಕಳು, ಒಬ್ಬರು ಫಾದರ್, ಹತ್ತು ಹನ್ನೆರಡು ಸ್ವಯಂಸೇವಕರು. ಅಡುಗೆಗೆ ಲಾರೆನ್ಸ್ ಅಂಕಲ್. ನನಗಿಂತ ಹತ್ತು ವರ್ಷ ದೊಡ್ಡವರು, ಉಡುಪಿ ಕಡೆಯವರು, ಆಯುಷ್ಯವೆಲ್ಲ ಹೋಟೆಲಿನ ಅಡುಗೆಮನೆಯಲ್ಲಿ ಕಳೆದು ಈಗ ದುಬೈಯ ಕರಾಮದಲ್ಲಿ ಮಗನ ಜೊತೆ ಇರುವವರು. ಎಲ್ಲರಿಗೂ ಅವರು ಅಂಕಲ್, ಫಾದರರಿಗೂ. ನಮ್ಮ ಗಾಡಿಯ ಫ್ರಿಜ್ಜಿನಲ್ಲಿ ಅವರ ಮೊಸರು, ಬೆಣ್ಣೆ ಇಟ್ಟಿದ್ದರಿಂದ ಇನ್ನೊಂದು ಬೀಗದ ಕೈಯನ್ನು ಐರಿನ್ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದಳು. ಇದು ನನಗೆ ಗೊತ್ತಿದ್ದ ಮೊದಲ ಅಂಶ.

ಎರಡನೆಯ ಅಂಶ, ನನಗೆ ಸಿಕ್ಕ ಕೆಲಸ. ತೋಟ ತಲುಪಿದ ಕೂಡಲೇ ಐರಿನ್ ಅವರಿವರ ಹತ್ತಿರ ಮಾತಾಡಿ ನನ್ನನ್ನು ಆಟದ ಮೈದಾನಕ್ಕೆ ಹಾಕಿಸಿದಳು. ಹಗ್ಗ ಕಟ್ಟುವುದು, ಸೀಟಿ ಊದುವುದು, ಚೆಂಡು ಮುಳ್ಳುಗಿಡದೊಳಗೆ ಹೋದರೆ ತರುವುದು. ಮೈದಾನ ನಮ್ಮ ಗಾಡಿ ನಿಂತಲ್ಲಿಂದ ತೋಟದ ಇನ್ನೊಂದು ತುದಿಯಲ್ಲಿತ್ತು. ಅವಳಿಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ.

ಮೊದಲ ದಿನ ಸಂಜೆ ಗಾಡಿಗೆ ಬಂದು ನೋಡಿದರೆ ಬಿಸ್ಕತ್ತಿನ ಡಬ್ಬಿ ಅರ್ಧ ಖಾಲಿ. ಬೆಳಿಗ್ಗೆ ತುಂಬಿಸಿದ ನೀರಿನ ಟ್ಯಾಂಕು ಕೆಳಗಿಳಿದಿತ್ತು. ಅದಕ್ಕಿಂತ ವಿಚಿತ್ರ, ಹೊಸದಾಗಿ ಒಡೆದಿದ್ದ ಟಿಶ್ಯೂ ಪೆಟ್ಟಿಗೆಯಲ್ಲಿ ಒಂದೂ ಟಿಶ್ಯೂ ಇರಲಿಲ್ಲ.

“ಯಾರೋ ಗಾಡಿಯೊಳಗೆ ಬಂದಿದ್ದಾರೆ” ಎಂದೆ.

ಐರಿನ್ ನನ್ನ ಮುಖ ನೋಡದೆ ಟವೆಲ್ ಮಡಚುತ್ತ, “ಇಲಿ ಇರಬಹುದು” ಎಂದಳು, ಕನ್ನಡದಲ್ಲಿ.

“ಇಲಿಗೆ ಟಿಶ್ಯೂ ಎಂತಕ್ಕೆ?”

“ಗೂಡು ಕಟ್ಟಲಿಕ್ಕೆ.”

ಜಗಳವಿಲ್ಲದಿದ್ದರೂ ಅವಳು ಕನ್ನಡಕ್ಕೆ ಇಳಿದದ್ದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಆದರೆ ಸಂಶಯಪಡುವವನಿಗೂ ಒಂದು ಮರ್ಯಾದೆ ಇರುತ್ತದೆ, ಕಟ್ಟಿಕೊಂಡ ಹೆಂಡತಿಯನ್ನು ಮೊದಲ ಆರೋಪಿ ಮಾಡುವುದಿಲ್ಲ. ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೊರಡುವಾಗ ಬಾಗಿಲಿನ ಸಂದಿಗೆ ಒಂದು ಕಪ್ಪು ದಾರದ ತುಂಡು ಸಿಕ್ಕಿಸಿಟ್ಟೆ. ಹತ್ತು ಗಂಟೆಗೆ ಚೆಂಡು ಹುಡುಕುವ ನೆಪದಲ್ಲಿ ಓಡಿಬಂದು ನೋಡಿದರೆ ದಾರ ನೆಲದ ಮೇಲಿತ್ತು. ಸೀದಾ ಅಡುಗೆಮನೆಗೆ ನಡೆದೆ. ಮೊಳೆಯ ಮೇಲೆ ಬೀಗದ ಕೈ ಇರಲಿಲ್ಲ. ಒಲೆಯ ಮುಂದೆ ನಿಂತಿದ್ದ ಲಾರೆನ್ಸ್ ಅಂಕಲ್ ಆಗ ತಾನೆ ಮೂಗು ಸೀಟಿದರು, ಟಿಶ್ಯೂವಿನಲ್ಲಿ!

ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಸ್ವಚ್ಛವಾದ ಪ್ರಕರಣ ನನ್ನ ಮೇಜಿಗೆ ಬಂದಿರಲಿಲ್ಲ. ಅಲ್ಲಿ ತರಕಾರಿ ಹೆಚ್ಚುತ್ತ ನಾಲ್ಕೈದು ಮಂದಿ ಇದ್ದರು. ಅವರನ್ನು ಹೊರಗೆ ಕಳಿಸಿ ಮಾತಾಡಬೇಕಿತ್ತು ಎಂದು ಈಗ ಹೊಳೆಯುತ್ತದೆ. ಆಗ ಹೊಳೆದದ್ದು, ಸಾಕ್ಷಿಗಳು ತಾವಾಗಿಯೇ ಸಿಕ್ಕರಲ್ಲ ಎಂದು.

“ಅಂಕಲ್, ನಿಮಗೆ ನೆಗಡಿಯಾ?”

“ಈರುಳ್ಳಿ ಮಾರಾಯ್ರೆ. ಹತ್ತು ಕಿಲೋ.”

“ಈ ಟಿಶ್ಯೂ ಎಲ್ಲಿಂದ ಬಂತು?”

“ಜೇಬಿಂದ.”

“ಜೇಬಿಗೆ ಎಲ್ಲಿಂದ ಬಂತು? ನಿನ್ನೆ ಮಧ್ಯಾಹ್ನ ಊಟದ ನಂತರ ಎಲ್ಲಿದ್ದಿರಿ? ಗಾಡಿಯ ಬೀಗದ ಕೈ ಈಗ ಯಾರ ಹತ್ತಿರ ಇದೆ?”

ತರಕಾರಿ ಹೆಚ್ಚುವ ಸದ್ದು ನಿಂತಿತು. ಲಾರೆನ್ಸ್ ಅಂಕಲ್ ನನ್ನನ್ನೇ ನೋಡಿದರು. ಆಮೇಲೆ ಒಲೆ ಆರಿಸಿದರು. ಏಪ್ರನ್ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟರು.

“ನಲ್ವತ್ತು ವರ್ಷ ಬೇರೆಯವರ ಅಡುಗೆಮನೆಯಲ್ಲಿ ದುಡಿದಿದ್ದೇನೆ” ಎಂದರು. “ಅರಬರು, ಇಂಗ್ಲಿಷರು, ಯಾರೂ ಒಂದು ದಿನ ನನ್ನ ಜೇಬು ಕೇಳ್ಲಿಲ್ಲ. ನಮ್ಮ ಊರಿನವರು ನೀವೇ ಕೇಳಿದಿರಿ. ಖಲಾಸ್.”

ಅವರು ಹೊರಗೆ ಹೋಗಿ ಖರ್ಜೂರದ ಮರದಡಿಯ ಕುರ್ಚಿಯಲ್ಲಿ ಕೂತರು. ಮೈದಾನದಿಂದ ಎಂಬತ್ತು ಮಕ್ಕಳು ಹಾಡುವುದು ಕೇಳುತ್ತಿತ್ತು. ಅವರ ಊಟಕ್ಕೆ ಇನ್ನು ಎರಡು ಗಂಟೆ. ಕಡಾಯಿಯಲ್ಲಿ ಅರೆಬೆಂದ ಈರುಳ್ಳಿ. ಹೆಚ್ಚುತ್ತಿದ್ದವರು ಚಾಕು ಹಿಡಿದು ನನ್ನ ಕಡೆ ನೋಡುತ್ತಿದ್ದರು.

ಇಂಥ ಸಮಯದಲ್ಲಿ ಗಂಡಸು ಹೆಂಡತಿಯನ್ನು ಹುಡುಕುತ್ತಾನೆ. ಪ್ರಥಮ ಚಿಕಿತ್ಸೆಯ ಮೇಜಿನಲ್ಲಿ ಅವಳಿರಲಿಲ್ಲ. ಗಾಡಿಯ ಹತ್ತಿರ ಓಡಿ ಬಾಗಿಲು ಎಳೆದೆ.

ಒಳಗೆ ಐರಿನ್ ಕೂತಿದ್ದಳು. ಅವಳ ಎದುರು ಹದಿನೈದರ ಒಂದು ಹುಡುಗಿ, ಕಣ್ಣು ಮೂಗು ಕೆಂಪು. ಮಡಿಲಲ್ಲಿ ಒದ್ದೆ ಟಿಶ್ಯೂಗಳ ರಾಶಿ, ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು. ಸಿಂಕಿನಲ್ಲಿ ಆರೇಳು ಚಹಾದ ಲೋಟಗಳು.

“ಸಾರಿ ಅಂಕಲ್” ಎಂದಿತು ಆ ಮಗು.

“ಬಾಗಿಲು ಹಾಕಿ” ಎಂದಳು ಐರಿನ್. ನಾನು ಹಾಕಿದೆ, ಹೊರಗಿನಿಂದ.

ಹತ್ತು ನಿಮಿಷ ಬಿಟ್ಟು ಅವಳು ಇಳಿದು ಬಂದಳು. ಹುಡುಗಿಯ ಅಪ್ಪನ ಕೆಲಸ ಹೋಗಿತ್ತು, ವೀಸಾ ರದ್ದಾಗುವುದರಲ್ಲಿತ್ತು. ಇಲ್ಲೇ ಹುಟ್ಟಿ ಬೆಳೆದವಳು ಮುಂದಿನ ತಿಂಗಳು, ರಜೆಗೆ ಮಾತ್ರ ನೋಡಿದ ಊರಿಗೆ ಶಾಶ್ವತವಾಗಿ ಹೊರಡಬೇಕು. ಗೆಳತಿಯರಿಗೆ ಹೇಳಿಲ್ಲ, ಹೇಳಿದರೆ ಈ ಮೂರು ದಿನವೂ ಹಾಳಾಗುತ್ತದೆ ಎಂದು. ನಿನ್ನೆ ತಲೆನೋವಿನ ಮಾತ್ರೆ ಕೇಳಿ ಬಂದವಳನ್ನು ಐರಿನ್ ಗಾಡಿಗೆ ಕರೆದೊಯ್ದು ಚಹಾ ಮಾಡಿಕೊಟ್ಟಿದ್ದಳು. ಅವಳ ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲರಿಗೂ ತಲೆನೋವು. ತನ್ನ ಬೀಗದ ಕೈ ದಿಂಬಿನಡಿ ಮರೆತು, ಅಡುಗೆಮನೆಯ ಮೊಳೆಯಿಂದ ಇನ್ನೊಂದನ್ನು ತೆಗೆದುಕೊಂಡವಳೂ ಐರಿನ್ನೇ.

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನೀವು ಆ ಮಗುವಿನ ಹತ್ತಿರ ಅಪ್ಪನ ಟರ್ಮಿನೇಷನ್ ಲೆಟರ್ ಕೇಳ್ತಿದ್ರಿ.”

ಇಲ್ಲ ಎನ್ನಲು ಬಾಯಿ ತೆರೆದೆ. ನಿಜವಾಗಿಯೂ ಕೇಳುತ್ತಿದ್ದೆ ಎಂದು ತಿಳಿದು ಮುಚ್ಚಿದೆ. ನಾನು ಅಡುಗೆಮನೆಯಲ್ಲಿ ಮಾಡಿ ಬಂದದ್ದನ್ನು ಹೇಳಿದಾಗ ಅವಳು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಆ ಮನುಷ್ಯ ಹೋದ ವರ್ಷ ಹೆಂಡತಿಯನ್ನು ಮಣ್ಣು ಮಾಡಿದ್ದು. ಮಗ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಕೂತು ಸಾಕಾಗಿ ಇಲ್ಲಿಗೆ ಬಂದದ್ದು. ಹೋಗಿ, ಬೇಗ ಹೋಗಿ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮರದಡಿ ಹೋಗಿ ನಿಂತೆ. ಕಾಲಲ್ಲಿ ಮರಳು ಕೆದಕಿದೆ. ಜನರಿಂದ ಕ್ಷಮಾಪಣೆ ಪತ್ರ ಬರೆಸಿಕೊಂಡು ಗೊತ್ತಿತ್ತೇ ಹೊರತು ಕೇಳಿ ಗೊತ್ತಿರಲಿಲ್ಲ.

“ಅಂಕಲ್, ತಪ್ಪಾಯಿತು. ಬೀಗದ ಕೈ ಐರಿನ್ ಹತ್ತಿರ ಇತ್ತು.”

ಅವರು ಗುಡ್ಡದ ಕಡೆ ನೋಡುತ್ತಲೇ ಕೇಳಿದರು, “ಈಗ ಯಾಕೆ ತಪ್ಪಾಯ್ತು? ಹಸಿವು ಶುರುವಾಯ್ತಾ?”

“ಇಲ್ಲ ಅಂಕಲ್, ನಿಜವಾಗಿ.”

“ನಿಜ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಹೆಂಡತಿ ಕಳಿಸಿದ್ದೋ, ನೀವೇ ಬಂದದ್ದೋ?”

“ಹೆಂಡತಿ ಕಳಿಸಿದ್ದು” ಎಂದು ಒಪ್ಪಿಕೊಂಡೆ. “ಆದರೆ ಅರ್ಧ ದಾರಿಯಿಂದ ಈಚೆ ನಾನೇ ಬಂದದ್ದು.”

ಲಾರೆನ್ಸ್ ಅಂಕಲ್ ಮೊದಲ ಸಲ ನನ್ನ ಕಡೆ ತಿರುಗಿದರು. ಎದ್ದು ಅಡುಗೆಮನೆಗೆ ನಡೆದು, ಏಪ್ರನ್ ಕೊಡವಿ ನನ್ನ ಕೊರಳಿಗೆ ಹಾಕಿದರು, ಈರುಳ್ಳಿಯ ಗೋಣಿ ತೋರಿಸಿದರು. ಆ ದಿನ ಊಟ ಮುಕ್ಕಾಲು ಗಂಟೆ ತಡವಾಯಿತು. ಕಾರಣವನ್ನು ಫಾದರ್ ಕೇಳಲಿಲ್ಲ. ನನ್ನ ಕಣ್ಣು ನೋಡಿ, ಮನುಷ್ಯ ಪಶ್ಚಾತ್ತಾಪದಿಂದ ಅಳುತ್ತಿದ್ದಾನೆ ಎಂದುಕೊಂಡರೋ ಏನೋ, ಭುಜ ತಟ್ಟಿ ಹೋದರು.

ಅಲ್ಲಿಂದ ಆ ಚಳಿಗಾಲವೆಲ್ಲ ನಾಲ್ಕು ಶಿಬಿರ ಸುತ್ತಿದೆವು. ನಾನು ಈರುಳ್ಳಿ ವಿಭಾಗದ ಮುಖ್ಯಸ್ಥ. ಗಾಡಿ ಐರಿನ್‌ಳದು, ಹಗಲು ಹೊತ್ತು ನನಗೆ ಪ್ರವೇಶವಿಲ್ಲ. ಸಂಜೆ ನಾವಿಬ್ಬರೂ ಆ ಇಷ್ಟಗಲದ ಜಾಗದಲ್ಲಿ ಒಬ್ಬರನ್ನೊಬ್ಬರು ದಾಟಲು ಕಲಿತೆವು. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು. ಇಷ್ಟು ವರ್ಷ ಫೋನಿನಲ್ಲಿ ಒಪ್ಪಿಸಿದ ವರದಿಗಳಲ್ಲಿ ಬಿಟ್ಟುಹೋದ ಎಷ್ಟೋ ಸಂಗತಿಗಳನ್ನು ಅವಳು ಹಾಗೆ ಕೂತು ಹೇಳಿದಳು. ಖಾಲಿದಿಯಾದ ಕ್ವಾರ್ಟರ್ಸಿನಲ್ಲಿ ಮಗಳ ಫ್ರಾಕು ಒಂದನ್ನು ದಿಂಬಿನ ಕವರಿನೊಳಗೆ ಇಟ್ಟುಕೊಳ್ಳುತ್ತಿದ್ದಳಂತೆ. ಆ ಫ್ರಾಕು ಕಳೆದುಹೋಯಿತೆಂದು ನಾನು ಲಾಂಡ್ರಿಯವನೊಡನೆ ಜಗಳವಾಡಿದ್ದೆ. ಅದನ್ನು ಈಗ ಅವಳಿಗೆ ಹೇಳಲಿಲ್ಲ.

ಕೊನೆಯ ಶಿಬಿರ ಅಬುಧಾಬಿಯ ಕಡೆ. ಎರಡನೆಯ ದಿನ, ಬಿದ್ದು ಮಂಡಿ ತರಚಿಕೊಂಡ ಹುಡುಗಿಯೊಬ್ಬಳಿಗೆ ಪಟ್ಟಿ ಕಟ್ಟಲು ಐರಿನ್ ಹೋಗಿದ್ದಳು. ಮೊಸರು ಒಯ್ಯಲು ನಾನು ಗಾಡಿಯೊಳಗೆ ಬಂದಿದ್ದೆ. ಬಾಗಿಲು ಬಡಿದ ಸದ್ದು. ತೆಳ್ಳಗಿನ ಒಂದು ಹುಡುಗಿ.

“ಆಂಟಿ ಇಲ್ಲ ಮಗಾ, ಮೈದಾನದಲ್ಲಿದ್ದಾಳೆ” ಎಂದೆ.

“ಇಟ್ಸ್ ಓಕೆ ಅಂಕಲ್. ಆಂಟಿ ಬೇಗ ಅಳ್ತಾರೆ” ಎಂದು ಅವಳು ಮೆಟ್ಟಿಲ ಮೇಲೆ ಕೂತು ಮಾತಾಡತೊಡಗಿದಳು, ಕಾಲು ಕನ್ನಡ, ಮುಕ್ಕಾಲು ಇಂಗ್ಲಿಷು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಪ್ರಶ್ನೆ ಕೇಳಲು ಮಾತ್ರ ಬರುತ್ತದೆ. ಆಮೇಲೆ? ಯಾವಾಗ? ಅವನು ಹಾಗೆ ಅಂದದ್ದನ್ನು ನೀನೇ ಕೇಳಿದ್ದಾ, ಯಾರಾದರೂ ಬಂದು ಹೇಳಿದ್ದಾ? ಅವಳು ಯೋಚಿಸಿ ಯೋಚಿಸಿ ಉತ್ತರ ಕೊಟ್ಟಳು. ಕೊನೆಗೆ, “ಓ, ಆ್ಯಕ್ಚುಯಲಿ ನಾನು ಕೇಳಿಲ್ಲ” ಎಂದಳು. ಎದ್ದು, ಲಂಗದ ಮರಳು ಕೊಡವಿಕೊಂಡು ಹೋದಳು. ಮೊಸರು ಬಿಸಿಲಿಗೆ ಹುಳಿಯಾಗಿತ್ತು.

ಇದನ್ನು ಐರಿನ್ ದೂರದಿಂದ ನೋಡಿದ್ದಳು. ಮರುದಿನ ಗಾಡಿ ಮನೆಯ ದಾರಿ ಹಿಡಿದ ಮೇಲೆ ಶುರುಮಾಡಿದಳು.

“ಅವಳು ನಿಮಗೆ ಎಂತ ಹೇಳಿದ್ದು?”

“ಎಂತ ಇಲ್ಲ. ಸುಮ್ಮನೆ.”

“ಸುಮ್ಮನೆ ಅರ್ಧ ಗಂಟೆಯಾ? ಮನೆ ವಿಷಯವಾ? ಶಾಲೆಯದ್ದಾ? ಮುಖ ಈಚೆ ತಿರುಗಿಸಿ, ನನ್ನನ್ನು ನೋಡಿ ಹೇಳಿ.”

“ಗಾಡಿ ಓಡಿಸ್ತಾ ಇದ್ದೇನೆ ಮಾರಾಯ್ತಿ.”

“ನೀವು ಎಂತದೋ ಮುಚ್ಚಿಡ್ತಿದ್ದೀರಿ” ಎಂದಳು ಅವಳು, ಶುದ್ಧ ಕನ್ನಡದಲ್ಲಿ.

ಅಬುಧಾಬಿಯಿಂದ ಅಲ್ ಕುಸೈಸ್‌ವರೆಗೆ ಅವಳು ಕೇಳುತ್ತಲೇ ಬಂದಳು, ನಾನು ಬಾಯಿ ಬಿಡಲಿಲ್ಲ. ಆ ಹುಡುಗಿಗೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಒಬ್ಬ ಮನುಷ್ಯನ ಮೇಲೆ ಇಷ್ಟು ಹೊತ್ತು, ಇಷ್ಟು ಆಸಕ್ತಿಯಿಂದ ಇನ್ನೊಬ್ಬರು ಸಂಶಯಪಡುತ್ತಾರೆಂದರೆ ಅದು ಸಣ್ಣ ಗೌರವವಲ್ಲ. ನಿಜ ಹೇಳುತ್ತೇನೆ, ನನಗೆ ಬಹಳ ಸುಖವಾಯಿತು. ಎರಡು ಸಲ ಬೇಕೆಂದೇ ತಡವರಿಸಿದೆ, ಅವಳು ಪ್ರಶ್ನೆ ನಿಲ್ಲಿಸದಿರಲಿ ಎಂದು.