ಜಲಪಾತದ ನೀರಲ್ಲಿ ಬೆಂದ ಬೇಳೆ

"ರೀ, ಕೊನೇ ಸಲ ಹೇಳ್ತಿದೀನಿ, ಕೇಳಿಸ್ಕೊಳ್ಳಿ. ಇಪ್ಪತ್ತೆರಡು ವರ್ಷದಿಂದ ನನ್ನ ಸಾರನ್ನ ಆಡ್ಕೊಂಡ್ ಬಂದಿದೀರ. ನನ್ನ ಕೈಯಲ್ಲಿ ಏನೂ ದೋಷ ಇಲ್ಲ. ದೋಷ ಇರೋದು ಈ ಪೀಣ್ಯದ ಬೋರ್‌ವೆಲ್ ನೀರಲ್ಲಿ! ಇದ್ರಲ್ಲಿ ಸೋಪೇ ನೊರೆ ಬರಲ್ಲ, ಇನ್ನು ಬೇಳೆ ಬೇಯುತ್ತಾ? ನಿಮ್ಮ ಫ್ಯಾಕ್ಟರಿಯೋರು ಘಟ್ಟದ ಕಾಡಿಗೆ, ಜಲಪಾತ ನೋಡೋಕೆ ಕರ್ಕೊಂಡ್ ಹೋಗ್ತಿದಾರಲ್ಲ? ಅಲ್ಲಿಂದ ಒಂದು ಕ್ಯಾನ್ ನೀರು ತರ್ತೀನಿ. ಆ ನೀರಲ್ಲಿ ಬೇಳೆ ಬೇಯಿಸಿ, ನಮ್ಮ ಮನೆ ಸಾಲಿನೋರ್ನೆಲ್ಲ ಕೂರಿಸಿ ಬಡಿಸ್ತೀನಿ. ಬೆಣ್ಣೆ ಥರ ಕರಗ್ಲಿಲ್ಲ ಅಂದ್ರೆ ನನ್ನ ಹೆಸರು ವೆಂಕಟಲಕ್ಷ್ಮಿನೇ ಅಲ್ಲ!"

ತೊಂಬತ್ತೈದನೇ ಇಸವಿಯಲ್ಲಿ ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಕೇಳಿಸಿಕೊಂಡವರು ನಮ್ಮ ಯಜಮಾನರು, ಕಾರ್ಖಾನೆಯವರ ಬಾಯಲ್ಲಿ ಫೋರ್‌ಮನ್ ಪಟ್ಟಾಭಿ. ಶೂ ಹಾಕಿಕೊಳ್ಳುತ್ತಾ, "ಕ್ಯಾನು ದೊಡ್ಡದೇ ತಗೋ" ಎಂದಷ್ಟೇ ಹೇಳಿದರು.

ಪ್ರತಿಜ್ಞೆಗೆ ಕಾರಣವಿತ್ತು. ಕುಕ್ಕರ್ ಕಂಡರೆ ನನಗೆ ಭಯ, ಪಾತ್ರೆಯಲ್ಲೇ ಬೇಯಿಸುವವಳು. ಬೆಳಿಗ್ಗೆ ಆರೂವರೆಗೆ ಕಾರ್ಖಾನೆಯ ಮೊದಲ ಸೈರನ್ ಕೂಗುತ್ತಿತ್ತು. ಅದು ಕೂಗಿದರೆ ಪಾತ್ರೆ ಇಳಿಯಬೇಕು, ಡಬ್ಬಿ ತುಂಬಬೇಕು, ಇವರು ಸೈಕಲ್ ಏರಬೇಕು. ಸಂಜೆ ಬಂದವರು ಡಬ್ಬಿ ಇಟ್ಟು, "ಇವತ್ತು ಸಾರಲ್ಲಿದ್ದ ಬಾಲ್ ಬೇರಿಂಗ್ ಚೆನ್ನಾಗಿದ್ವು ಕಣೇ! ಸ್ಟೋರಿಗೆ ಕೊಡೋಣ ಅಂತಿದ್ದೆ" ಎನ್ನುವರು. ಭಾನುವಾರ ಇವರಿಗೂ ರಜಾ, ತೊಗರಿಬೇಳೆಗೂ ರಜಾ. ಆ ದಿನ ಮಜ್ಜಿಗೆ ಹುಳಿ.

ಅಂತೂ ಒಂದು ಶುಕ್ರವಾರ ಎರಡು ದಿನದ ಪ್ರವಾಸ ಹೊರಟಿತು. ಡ್ರೈವರ್ ಲಕ್ಷ್ಮಣಪ್ಪನ ಬಸ್ಸು, ಪಕ್ಕದ ಮನೆ ದೇವಕ್ಕ, ಇವರು, ನಾನು, ನನ್ನ ತೊಡೆಯ ಮೇಲೆ ಹತ್ತು ಲೀಟರಿನ ಖಾಲಿ ಕ್ಯಾನು. ಮರುದಿನ ಬೆಳಿಗ್ಗೆ ಕಾಡಿನ ಬಾಗಿಲಲ್ಲಿ ಕಾವಲುಗಾರ ಚಿಕ್ಕಬೈರಪ್ಪ ನಮ್ಮನ್ನು ಸಾಲಾಗಿ ನಿಲ್ಲಿಸಿದ.

"ಎಲೆ, ಊವು, ಕಲ್ಲು, ಏನೂ ತಗಂಡ್ ಓಗಂಗಿಲ್ಲ!"

"ನೀರು?" ಎಂದೆ.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಇಪ್ಪತ್ ವರ್ಸದ ಸರ್ವೀಸಲ್ಲಿ ನೀರು ಕೇಳ್ದೋರು ನೀವೇ ಮೊದ್ಲು ಕಣಮ್ಮ. ರೂಲಲ್ಲಿ ನೀರಿನ್ ವಿಸ್ಯ ಬರ್ದಿಲ್ಲ. ತಗಂಡೋಗಿ."

ಎರಡು ಮೈಲಿ ಏರು. ಮಂಡಿ ಕಿರುಗುಟ್ಟಿತು. ಜೀರುಂಡೆಗಳು ನಿಲ್ಲಿಸದೆ ಕೂಗುತ್ತಿದ್ದವು. ಮರದ ಬೇರುಗಳೇ ಮೆಟ್ಟಿಲು. ಜಲಪಾತವನ್ನು ಎಲ್ಲರಿಗಿಂತ ಮೊದಲು ಕಂಡದ್ದು ನನ್ನ ಕಿವಿ! ದೂರದಲ್ಲಿ ಒಗ್ಗರಣೆ ಚಟಗುಟ್ಟಿದ ಸದ್ದು, ತಿರುವು ದಾಟಿದರೆ ಹಿಟ್ಟಿನ ಗಿರಣಿ, ಕೊನೆಯ ಬಂಡೆ ಹತ್ತಿದರೆ ಪಕ್ಕದವರ ಮಾತೂ ಕೇಳಿಸದು. ಅಷ್ಟೆತ್ತರದಿಂದ ಹಾಲಿನಂತೆ ಸುರಿಯುತ್ತಿತ್ತು. ಮೂರು ದಿನಕ್ಕೊಮ್ಮೆ ಬರುವ ನಲ್ಲಿಯ ಮುಂದೆ ಸರದಿ ನಿಂತ ಹೆಂಗಸರು ನಾವು. ಸುಮ್ಮನೆ ನಿಂತುಬಿಟ್ಟೆವು. ನನಗೆ ಯಾಕೋ ಕಣ್ಣು ತುಂಬಿತು. ದೇವಕ್ಕ ಮಾತ್ರ ತಡೆಯಲಾರದೆ ಕಿರುಚಿದಳು:

"ಅಯ್ಯೋ, ಯಾರಾದ್ರೂ ನಿಲ್ಲಿಸ್ರೀ! ಎಷ್ಟೊಂದು ಪೋಲಾಗ್ತಿದೆ!"

ಕ್ಯಾನು ತುಂಬಿದೆವು. ಇಳಿಯುವಾಗ ಅದು ಯಜಮಾನರ ಎದೆಗೇರಿತು. ಎರಡೂ ಕೈ ಕ್ಯಾನಿನ ಮೇಲೆ. ಆ ಸಮಯ ಸಾಧಿಸಿ ಜಿಗಣೆಗಳು ಅವರ ಕಾಲಿಗೆ ಮುತ್ತಿಗೆ ಹಾಕಿದವು.

"ಲೇ, ಉಪ್ಪು ಹಾಕೇ!"

"ಮೊದ್ಲು ಕ್ಯಾನ್ ನೆಟ್ಟಗೆ ಹಿಡ್ಕೊಳ್ಳಿ, ತುಳುಕ್ತಿದೆ!"

"ನನ್ನ ರಕ್ತ ಹೋಗ್ತಿದೆ ಕಣೇ!"

"ರಕ್ತ ಮತ್ತೆ ಊರುತ್ತೆ ಕಣ್ರೀ. ಈ ನೀರು ಸಿಗುತ್ತಾ?"

ಬಸ್ಸು ಹತ್ತಿದ್ದೇ ನಾನು, ದೇವಕ್ಕ, ನಮ್ಮ ಸಾಲಿನವರೆಲ್ಲ ದಣಿದು ನಿದ್ದೆಹೋದೆವು. ಸಂಜೆ ಪೀಣ್ಯದಲ್ಲಿ ಇಳಿದಾಗ ಇವರು, "ನೀನು ಹೋಗಿ ಬೀಗ ತೆಗಿ, ಕ್ಯಾನ್ ನಾನು ತರ್ತೀನಿ" ಎಂದರು. ಬರುವುದು ಸ್ವಲ್ಪ ತಡವಾಯಿತು. ಜಿಗಣೆ ಕಚ್ಚಿದ ಕಾಲಲ್ಲವೇ ಎಂದುಕೊಂಡೆ.

ಮರುದಿನ ಭಾನುವಾರ. ಮಜ್ಜಿಗೆ ಹುಳಿಗೆ ರಜಾ ಕೊಟ್ಟೆ! ಸಾಲಿನ ನಾಲ್ಕು ಮನೆಯವರನ್ನೂ, ಕ್ಷೇಮವಾಗಿ ಕರೆತಂದ ಲಕ್ಷ್ಮಣಪ್ಪನನ್ನೂ ಊಟಕ್ಕೆ ಕರೆದೆ. ಬೇಳೆಯೆಂದರೆ ಬೇಳೆ! ಸೌಟು ತಾಗಿದರೆ ಕರಗಿತು. ಎಲೆಗೆ ಬಡಿಸುತ್ತಾ ರಾಣಿಯಂತೆ ಓಡಾಡಿದೆ. ದೇವಕ್ಕ ಒಂದು ಚೊಂಬು ನೀರು ಬೇಡಿ ದೇವರ ಮುಂದಿಟ್ಟು ಬಂದಿದ್ದಳು. ಇನ್ನೊಬ್ಬರು ಕಣ್ಣಿಗೊತ್ತಿಕೊಂಡು ಕುಡಿದರು.

"ಈಗ ಹೇಳ್ರೀ, ದೋಷ ಕೈಯಲ್ಲೋ, ನೀರಲ್ಲೋ?" ಎಂದು ಯಜಮಾನರ ಎಲೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತೆ.

ಅಷ್ಟರಲ್ಲಿ ಲಕ್ಷ್ಮಣಪ್ಪ ಕೈ ನೆಕ್ಕುತ್ತಾ, "ಅಮ್ಮಾ, ಸಾರು ಸಕ್ಕತ್! ನಿಮ್ಮ ಋಣ ದೊಡ್ಡದು ಬಿಡಿ. ನಿನ್ನೆ ದಾರೀಲಿ ರೇಡಿಯೇಟರ್ ಕುದ್ದು ಬಸ್ಸು ನಿಂತಾಗ ಪಟ್ಟಾಭಿ ಸಾರು ಆ ಕ್ಯಾನ್ ಕೊಡ್ಲಿಲ್ಲ ಅಂದಿದ್ರೆ ನಾವೆಲ್ಲ ಈಗ್ಲೂ ರೋಡಲ್ಲೇ ಇರ್ತಿದ್ವಿ. ಪೂರ್ತಿ ಹತ್ತು ಲೀಟರ್ ಕುಡೀತು!" ಎಂದ.

ಯಜಮಾನರಿಗೆ ಎಲ್ಲಿಲ್ಲದ ಕೆಮ್ಮು! ಎಲ್ಲರ ಕೈಯೂ ಎಲೆಯ ಮೇಲೇ ನಿಂತಿತು.

"ಮತ್ತೆ ಇದ್ಯಾವ ನೀರ್ರೀ?"

"ನಮ್ಮ ಬೋರ್‌ವೆಲ್ಲಿಂದೇ ಕಣೇ. ನೀನು ಬೇಜಾರ್ ಮಾಡ್ಕೋತೀಯ ಅಂತ..."

"ನನ್ನ ದೇವರಿಗೆ ಬೋರ್‌ವೆಲ್ ನೀರಾ!" ಎಂದು ದೇವಕ್ಕ ಎದ್ದೇಬಿಟ್ಟಳು.

"ಹಾಗಾದ್ರೆ ಬೇಳೆ ಹೇಗೆ ಬೆಂತು?" ನನ್ನ ದನಿ ಇಳಿದಿತ್ತು.

"ಇವತ್ತು ಸೈರನ್ ಎಲ್ಲಿತ್ತೇ? ಒಂದೂವರೆ ಗಂಟೆ ಒಲೆ ಮೇಲಿತ್ತು."

"ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮೂರೂವರೆಗೇ ಎದ್ದು ಒಲೆ ಹಚ್ತಿದ್ದೆ. ಅದಕ್ಕೇ ಬಾಲ್ ಬೇರಿಂಗ್ ನುಂಗ್ಕೊಂಡ್ ಇದ್ದೆ."

ದೋಷ ಕೈಯಲ್ಲೂ ಇಲ್ಲ, ನೀರಲ್ಲೂ ಇಲ್ಲ! ರಾಣಿ ಸೌಟು ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಒಬ್ಬಳೇ ನಕ್ಕಳು. ಸೆರಗಿನಿಂದ ಮೂಗೂ ಒರೆಸಿಕೊಂಡಳು.

ಆ ಸೈರನ್ ನಿಂತು ಎಷ್ಟೋ ವರ್ಷವಾಯಿತು. ಇವರೂ ರಿಟೈರ್. ಈಗ ನನ್ನ ಬೇಳೆ ದಿನಾ ಬೆಣ್ಣೆ. ನಿನ್ನೆ ಎರಡು ತುತ್ತು ತಿಂದು, "ಯಾಕೋ ಆ ಬಾಲ್ ಬೇರಿಂಗಿನ ರುಚಿ ಇದಕ್ಕಿಲ್ಲ ಕಣೇ" ಅಂದರು!

ಈಗ ಹೊರಗಿನಿಂದ, "ಬೆಂತೇನೇ?" ಎಂದು ಕೂಗುತ್ತಿದ್ದಾರೆ. ಉಕ್ಕಿ ಬಂದ ನೊರೆಯನ್ನು ಸೌಟಿನಿಂದ ತೆಗೆದು, ಚಿಟಿಕೆ ಅರಿಶಿನ ಹಾಕಿ, ಉರಿ ಸಣ್ಣ ಮಾಡಿ, ತಟ್ಟೆಯನ್ನು ಅರ್ಧ ಮುಚ್ಚಿದೆ.