ದೇಸೂರಿನಲ್ಲಿ ಉಳಿದ ಹುಡುಗ

ಯಾರ ಮಾತನ್ನೂ ಕೇಳಿದ ಕೂಡಲೇ ನಂಬುವುದು ನನ್ನಿಂದ ಆಗುವುದಿಲ್ಲ. ಇದು ಗುಣವೋ ರೋಗವೋ ತಿಳಿಯದು. ಧಾರವಾಡಕ್ಕೆ ಹೋಗಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ಬಂದ ಮೇಲೆ ಹೆಚ್ಚಾಯಿತೆಂದು ಮನೆಯವರ ಅಭಿಪ್ರಾಯ. ಹಾಲು ತರುವ ಗೌಳಿ ‘ನೀರು ಹಾಕಿಲ್ರೀ’ ಎಂದರೆ, ಕೇಳದೆಯೇ ಯಾಕೆ ಹೇಳಿದ ಎಂದು ಯೋಚಿಸುತ್ತ ನಿಲ್ಲುತ್ತೇನೆ. ಅಷ್ಟರಲ್ಲಿ ಅವನು ಮುಂದಿನ ಮನೆಗೆ ಹೋಗಿರುತ್ತಾನೆ. ಬೆಳಗಾವಿಯ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವುದು ನನ್ನ ಕಸುಬು. ಮನುಷ್ಯನ ನೆನಪನ್ನು ಪ್ರಮಾಣವೆಂದು ಹಿಡಿಯಬಾರದೆಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಆ ಪಾಠಕ್ಕೆ ಪೀಠಿಕೆಯಾಗಿ ನನ್ನ ಬಾಲ್ಯದ ಒಂದು ನೆನಪನ್ನೇ ಬಳಸುತ್ತಿದ್ದೆ ಎಂಬ ವಿಚಿತ್ರ ಮಾತ್ರ ಬಹಳ ದಿನ ನನಗೆ ಹೊಳೆದಿರಲಿಲ್ಲ.

ಆ ನೆನಪು ಹೀಗೆ. ನಾನು ತೀರ ಸಣ್ಣವನಿದ್ದಾಗ ಅಪ್ಪನ ಜೊತೆ ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೊರಟಿದ್ದೆ. ಖಾನಾಪುರದ ಅತ್ತಿ, ಅಂದರೆ ಅಪ್ಪನ ತಂಗಿಯೂ ಜೊತೆಗಿದ್ದಳು. ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ಗಾಡಿ ದೇಸೂರಿನಲ್ಲಿ ನಿಂತಿತು. ಪ್ಲಾಟ್‌ಫಾರ್ಮಿನ ಮೇಲೆ ಒಂದು ಕರಿಯ ಆಡಿನ ಮರಿ. ಅದನ್ನು ಹಿಡಿಯಲು ಇಳಿದೆ. ಗಾಡಿ ಹೊರಟುಹೋಯಿತು. ಸ್ಟೇಷನ್ ಮಾಸ್ತರರು ನನ್ನನ್ನು ಮೇಜಿನ ಮೇಲೆ ಕೂರಿಸಿದರು, ಅವರ ಹೆಂಡತಿ ಶೇಂಗಾ ಬೆಲ್ಲ ಕೊಟ್ಟರು, ಆಮೇಲೆ ಅಪ್ಪ ಏದುಸಿರು ಬಿಡುತ್ತ ಓಡಿ ಬಂದು ಎತ್ತಿಕೊಂಡರು. ನಾನು ಅಳಲಿಲ್ಲ. ಆದರೆ ಅಂದಿನಿಂದ ರೈಲಿನ ಸಿಳ್ಳೆಯ ಮೇಲಾಗಲಿ ಹಿರಿಯರ ಭರವಸೆಯ ಮೇಲಾಗಲಿ ನನಗೆ ನಂಬಿಕೆ ಉಳಿಯಲಿಲ್ಲ. ನಾನು ಸಂಶಯವಾದಿಯಾದದ್ದು ದೇಸೂರಿನಲ್ಲಿ, ಧಾರವಾಡದವರು ಬರೀ ಸರ್ಟಿಫಿಕೇಟು ಕೊಟ್ಟರು ಎಂದರೆ ಹುಡುಗರು ನಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳಿದಾಗ ಆಕೆ ಅತ್ತಿದ್ದಳು. ಎರಡೂ ನನಗೆ ಸಮಾಧಾನ ತಂದಿದ್ದವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಂದು ಬೇಸಿಗೆಯಲ್ಲಿ ಅಣ್ಣ ಮತ್ತು ಅತ್ತಿಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿ, ಝಾಂಬಿಯಾದಿಂದ ಬಂದರು. ಅಣ್ಣ ಅಲ್ಲಿಯ ತಾಮ್ರದ ಗಣಿಯೊಂದರಲ್ಲಿ ಇಂಜಿನಿಯರ್. ಅಪ್ಪ ತೀರಿಕೊಂಡಾಗಲೂ ಬರಲು ಆಗಿರಲಿಲ್ಲ. ನಮ್ಮ ಶಹಾಪುರದ ಓಣಿಯವರಿಗೆ ಆಫ್ರಿಕಾದ ಬಗ್ಗೆ ಇದ್ದ ಪ್ರಶ್ನೆ ಒಂದೇ: ‘ಸಿಂಹ ನೋಡೀರೇನ್ರಿ?’ ಮೊದಲ ದಿನ ಅಣ್ಣ, ‘ಇಲ್ರೀ, ನಮ್ಮದು ಗಣಿ ಊರು, ಅಲ್ಲಿ ಲಾರಿ ಅಷ್ಟ ಅದಾವು’ ಎಂದ. ಕೇಳಿದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನ ಸಿಂಹ ದೂರದಲ್ಲಿ ಕಂಡಿತು. ಆಮೇಲೆ ರಸ್ತೆ ದಾಟಿತು. ವಾರ ಕಳೆಯುವಷ್ಟರಲ್ಲಿ ಅದು ಅವನ ಮನೆಯ ಕಟ್ಟೆಯ ಮೇಲೆಯೇ ಬಂದು ಮಲಗಿತ್ತು; ವೈನಿ ಕಸಬರಿಗೆ ಹಿಡಿದು ಹೊರಗೆ ಬಂದಿದ್ದರು. ‘ಹೌದೇನ್ರಿ ವೈನಿ?’ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ಕಸಬರಗಿ ಅಂತೂ ಖರೇ ನೋಡ್ರಿ’ ಎಂದರು. ಅಣ್ಣನ ಮುಖ ನೋಡಿದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಆ ಸಿಂಹ ನಿಜವಾಗಿಯೂ ನೆನಪಾಗತೊಡಗಿತ್ತು. ಪಾಪ, ನೆನಪು ಎಂಥ ಮೋಸಗಾರ ಎಂದು ನಾನು ಒಳಗೊಳಗೇ ಕನಿಕರಪಟ್ಟೆ.

ಒಂದು ದಿನ ಊಟಕ್ಕೆ ಕೂತಿದ್ದೆವು. ಅಣ್ಣ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತ, ‘ಶೇಂಗಾ ಕಂಡಾಗೊಮ್ಮೆ ನನಗ ದೇಸೂರ ನೆನಪಾಗ್ತೈತಿ. ಸಣ್ಣಾಂವಿದ್ದಾಗ ಒಂದ ಆಡಿನ ಮರಿ ಹಿಡ್ಯಾಕ ಇಳದು ಅಲ್ಲೇ ಉಳದಬಿಟ್ಟಿದ್ದೆ’ ಎಂದ.

ಪಲ್ಯ ಬಡಿಸುತ್ತಿದ್ದ ನನ್ನ ಹೆಂಡತಿಯ ಸೌಟು ಗಾಳಿಯಲ್ಲೇ ನಿಂತಿತು. ‘ರೀ, ಇದು ನಿಮ್ಮದಲ್ಲೇನ್ರಿ?’

‘ಇಲ್ಲವಾ, ಇದು ಇವರದ’ ಎಂದರು ವೈನಿ. ‘ಮದುವ್ಯಾದ ಹೊಸದಾಗ ಹೇಳಿದ್ರು. ನಾ ಎಷ್ಟ ಅತ್ತಿದ್ದೆ!’

‘ನಾನೂ ಅತ್ತಿದ್ದೆರಿ ಅಕ್ಕಾರ.’

ಇಬ್ಬರೂ ನಮ್ಮ ಕಡೆ ತಿರುಗಿದರು, ಒಂದೇ ಸೀರೆಯನ್ನು ಇಬ್ಬರಿಗೆ ಮಾರಿದ ಅಂಗಡಿಕಾರರನ್ನು ನೋಡುವ ಹಾಗೆ. ನಾನು ಆಡಿನ ಬಣ್ಣ ಯಾವುದೆಂದು ಅಣ್ಣನನ್ನು ಕೇಳಿದೆ. ಬಿಳಿ ಎಂದ. ನೋಡಿ, ಅದು ಕರಿದು, ಬಣ್ಣವೇ ಗೊತ್ತಿಲ್ಲ ಎಂದು ನಾನು ಗೆದ್ದವನಂತೆ ಹೇಳಿದೆ. ಕರಿ ಅನ್ನೋದಕ್ಕ ನಿನ್ನ ಹತ್ತಿರ ಏನ್ ಪುರಾವೆ ಐತಿ ಎಂದು ಅವನು ಕೇಳಿದ. ಆಮೇಲೆ ರೊಟ್ಟಿ ಕೆಳಗಿಟ್ಟ.

‘ಲೇ ತಮ್ಮಾ, ನಿನಗ ಈ ಊರ ಐತಿ, ಓಣಿ ಐತಿ. ಕಡೀಕ ಅಪ್ಪನ ಬಾಯಾಗ ನೀರು ಬಿಟ್ಟಾಂವನೂ ನೀನ. ನಾ ಅಲ್ಲಿ ಕುಂತು ಅಪ್ಪನ್ನ ನೆನಸ್ಕೊಬೇಕಂದ್ರ ಇರೂದು ಇದೊಂದ. ನನ್ನ ಸಲುವಾಗಿ ಅಪ್ಪ ಓಡಿ ಬಂದಿದ್ದ. ಅದನ್ನೂ ಕಸ್ಕೋತಿಯೇನು?’

ಬೇರೆ ಯಾವ ತಮ್ಮನಾದರೂ ‘ತಗೋ ಅಣ್ಣಾ, ಆಡಿನ ಸಮೇತ ತಗೋ’ ಎಂದುಬಿಡುತ್ತಿದ್ದ. ನನ್ನ ಗಂಟಲಿಗೂ ಆ ಮಾತು ಬಂದಿತ್ತು. ಆದರೆ ದೇಸೂರನ್ನು ಕೊಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ? ಕಾರಣವಿಲ್ಲದೆ ಎಲ್ಲರನ್ನೂ ಅನುಮಾನಿಸುವ ಒಬ್ಬ ಮಾಸ್ತರ, ಅಷ್ಟೇ. ‘ಖಾನಾಪುರದ ಅತ್ತೀನ್ನ ಕೇಳೂಣು’ ಎಂದೆ. ಆ ಗಾಡಿಯಲ್ಲಿದ್ದವರಲ್ಲಿ ಬದುಕಿ ಉಳಿದ ಹಿರಿಯಳು ಆಕೆಯೊಬ್ಬಳೇ.

ರವಿವಾರ ನಾಲ್ವರೂ ಪ್ಯಾಸೆಂಜರ್ ಹತ್ತಿದೆವು. ಗಾಡಿ ದೇಸೂರಿನಲ್ಲಿ ನಿಂತಾಗ ಅಣ್ಣ ವೈನಿಗೆ ಒಂದು ಕಲ್ಲುಬೆಂಚು ತೋರಿಸಿ ‘ಇಲ್ಲೇ’ ಎಂದ. ನಾನು ಹೆಂಡತಿಗೆ ಇನ್ನೊಂದು ತುದಿಯ ಬೇವಿನ ಗಿಡ ತೋರಿಸಿ ‘ಅಲ್ಲೇ’ ಎಂದೆ. ಅಣ್ಣ ಫೋಟೋ ತೆಗೆಯಲು ಇಳಿಯಹೋದರೆ ವೈನಿ ಅವನ ಅಂಗಿ ಹಿಡಿದು ಎಳೆದರು: ‘ಕುಂದರ್ರಿ ಸುಮ್ಮ! ಈ ಸಲ ಯಾರೂ ಶೇಂಗಾ ಕೊಡಂಗಿಲ್ಲ.’

ಅತ್ತಿಯ ಮಗನದು ಹಂಚಿನ ವ್ಯಾಪಾರ. ಹಂಚು ಪೇರಿಸಿಟ್ಟ ಅವನ ವಖಾರಿಯ ಹಿಂದಿನ ಮನೆಯ ಕಟ್ಟೆಯ ಮೇಲೆ ಅತ್ತಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅಣ್ಣನನ್ನು ನಮ್ಮ ಅಜ್ಜನ ಹೆಸರು ಹಿಡಿದು ಕರೆದು, ‘ಬಾರೋ, ಎಷ್ಟ ಸೊರಗೀಯೋ’ ಎಂದಳು. ಸಾಕ್ಷಿ ಅಷ್ಟು ಗಟ್ಟಿಯಿಲ್ಲ ಎಂದು ನನಗೆ ಒಳಗೆ ಅಳುಕಾಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಮ್ಮ ವ್ಯಾಜ್ಯ ಹೇಳಿದೆವು. ಆಕೆ ಮೊರದಿಂದ ಕೈ ತೆಗೆಯಲಿಲ್ಲ.

‘ದೇಸೂರಾಗ ಹುಡುಗ ಯಾವಾಂವೂ ಉಳದಿಲ್ಲ. ಉಳದಾಂವ ನಿಮ್ಮಪ್ಪ.’

ನಮ್ಮಪ್ಪ ಶಹಾಪುರದ ಸಾಲಿ ಮಾಸ್ತರರು. ತಡವಾಗಿ ಬಂದ ಹುಡುಗರಿಗೆ ಬಾಗಿಲಲ್ಲೇ ಛಡಿ ಏಟು. ಅವರ ಗಡಿಯಾರ ನೋಡಿ ಓಣಿಯವರು ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

‘ನನ್ನ ಮದುವ್ಯಾದ ಮೊದಲನೇ ಪಂಚಮಿ’ ಎಂದಳು ಅತ್ತಿ. ‘ಹಬ್ಬ ಮುಗಿಸಿ ನನ್ನ ಗಂಡನ ಮನೀಗೆ ಮುಟ್ಟಸಾಕ ನಿಮ್ಮಪ್ಪ ಹೊಂಟಿದ್ದ. ಉಂಡಿ ಡಬ್ಬಿ ನನ್ನ ಬಾಜೂಕ, ಈ ದೊಡ್ಡಾಂವ ನನ್ನ ತೊಡೀ ಮ್ಯಾಲೆ. ದೇಸೂರಾಗ ಸ್ಟೇಷನ್ನಿನ ಗಡಿಯಾರ ಹಿಂದ ಐತಿ ಅಂತ ಹೇಳಾಕ ನಿಮ್ಮಪ್ಪ ಇಳದ. ಆ ಸ್ಟೇಷನ್ ಮಾಸ್ತರ ಹೂಂ ಅಂದಿದ್ರ ಮುಗೀತಿತ್ತು. ಅಂವ ಇಲ್ಲ ಅಂದ. ನಿಮ್ಮಪ್ಪ ಬಿಟ್ಟಾನೇನು? ವಾದ ಮಾಡಕೋತನ ಆ ಮಾಸ್ತರ ಹಸರ ಬಾವುಟ ತೋರಿಸಿದ, ವಾದ ಮಾಡಕೋತನ ನಿಮ್ಮಪ್ಪ ಉಳದ. ಸಂಜೀಕ ಹುಲ್ಲಿನ ಚಕ್ಕಡಿ ಹತ್ತಿ ಬಂದ. ಯಾರ ಮುಂದೂ ಅನಬ್ಯಾಡ ಅಂತ ನನ್ನ ಕೈ ಹಿಡಕೊಂಡ. ಬೆಳಗಾವ್ಯಾಗ ಹೋಗಿ, ಹುಡುಗ ಇಳದಿತ್ತು, ಅದಕ್ಕ ಗಾಡಿ ತಪ್ಪಿತು ಅಂದ.’

‘ಮತ್ತ ಆಡಿನ ಮರಿ?’ ಎಂದೆವು ಇಬ್ಬರೂ.

‘ಅದು ನಿಮ್ಮವ್ವ ಹಚ್ಚಿದ್ದು. ಆಕಿ ಕತಿ ಹೇಳಿದ್ರ ಅದರಾಗ ಒಂದ ಆಡು ಇರಬೇಕ.’

ಅವ್ವ ಆ ಕತೆಯಲ್ಲಿ ‘ಹುಡುಗ’ ಎನ್ನುತ್ತಿದ್ದಳೇ ಹೊರತು ಹೆಸರು ಹೇಳುತ್ತಿರಲಿಲ್ಲ. ತೊಡೆಯ ಮೇಲೆ ಕೂತು ಕೇಳಿದವನು ಅದು ತಾನೇ ಎಂದುಕೊಂಡ. ಆಮೇಲೆ ಇನ್ನೊಬ್ಬ ಬಂದು ಅದೇ ತೊಡೆಯ ಮೇಲೆ ಕೂತ.

‘ಹಂಗಾರ ನಾವಿಬ್ಬರೂ ಅತ್ತಿದ್ದು ಯಾರ ಸಲುವಾಗಿರಿ ಅತ್ತಿ?’ ಎಂದರು ವೈನಿ.

‘ನಿಮ್ಮ ಮಾವನ ಸಲುವಾಗಿ ಆತು ಬಿಡ್ರವಾ. ಪುಣ್ಯ ಬರತೈತಿ.’

ಅಣ್ಣ ಮಾತ್ರ ನಗಲಿಲ್ಲ. ‘ಅಪ್ಪ ಗಾಡಿ ಹಿಂದ ಓಡಿದನೇನು ಅತ್ತಿ?’ ಎಂದು ಮೆಲ್ಲಗೆ ಕೇಳಿದ.

‘ಓಡಿದ್ದೇನ ಕೇಳ್ತಿ! ಛತ್ರಿ ಕಂಕುಳಾಗ, ಟೊಪಿಗಿ ಕೈಯಾಗ. ನಿನ್ನ ಹೆಸರ ಹಿಡದು ಒದರಕೋತ ಓಡಿದ. ನೀ ಉಂಡಿ ತಿನಕೋತ ಟಾಟಾ ಮಾಡಿದಿ.’

ಅಣ್ಣ ಕಣ್ಣೊರೆಸಿಕೊಂಡ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಓಡುವ ಅಪ್ಪ, ಬಾಯಲ್ಲಿ ತನ್ನದೇ ಹೆಸರು. ಅದನ್ನು ಕಟ್ಟಿಕೊಂಡು ಅವನು ಇನ್ನು ಝಾಂಬಿಯಾಕ್ಕೆ ಆರಾಮಾಗಿ ಹೋಗಬಹುದು.

ನಾನು ಹಿಂದೆ ಬೀಳುವುದು ಹೇಗೆ? ‘ಹೌದತ್ತಿ, ನನಗೂ ಈಗ ಛಲೋತ್ನಾಗಿ ನೆನಪಾತು’ ಎಂದೆ. ನಾಟಕವಾಡುತ್ತಿರಲಿಲ್ಲ, ಆ ಕ್ಷಣಕ್ಕೆ ಎಲ್ಲವೂ ಕಣ್ಣ ಮುಂದೆ ಬಂದು ನಿಂತಿತ್ತು. ‘ಕಿಟಕ್ಯಾಗಿಂದ ನೋಡಿದ್ದೆ. ಧೋತರದ ಕೆಂಪು ಅಂಚು ಒಂದ ಕೈಲೆ ಎತ್ತಿ ಹಿಡದಿದ್ದ. ನೀರಾಗ ಕಾಲಿಟ್ಟ ಕೂಡ್ಲೆ ರಾಡಿ ಸಿಡೀತು.’

ಅತ್ತಿಯ ಕೈ ಮೊದಲ ಬಾರಿಗೆ ಅಕ್ಕಿಯ ಮೇಲೆ ನಿಂತಿತು. ‘ನೀ ಎಲ್ಲಿದ್ದ್ಯೋ ಖೋಡಿ? ನೀ ಹುಟ್ಟಿದ್ದ ಅದರ ಮುಂದಿನ ಪಂಚಮಿ ಆದ ಮ್ಯಾಲೆ.’

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಮದುವೆಯ ಹೊಸತರ ಕಣ್ಣೀರನ್ನು ಬಡ್ಡಿಸಮೇತ ವಸೂಲು ಮಾಡಿಕೊಳ್ಳುವ ಹಾಗೆ. ಹುಟ್ಟದವನು ಸಾಕ್ಷಿಯಾಗಲಾರ ಎಂದು ತಿಳಿಯಲು ತರ್ಕಶಾಸ್ತ್ರವೇನೂ ಬೇಕಿಲ್ಲ. ನಾನು ಸೋಲು ಒಪ್ಪಿಕೊಂಡಿದ್ದೇನೆ. ಹುಡುಗರಿಗೆ ಆ ಕತೆ ಹೇಳುವುದನ್ನೂ ಬಿಟ್ಟಿದ್ದೇನೆ. ಆದರೆ ಧೋತರದ ಅಂಚು ಕೆಂಪಗೇ ಇತ್ತು.